ಹೂತುಹೋಗುವ ಮೊದಲೇ ಹಾಕಬೇಕಾದ ಗೇರ್: ಪಿಕಪ್‌ನ ಲೋ ರೇಂಜ್

ಫೋರ್ ವೀಲ್ ಡ್ರೈವ್ ಪಿಕಪ್ ಓಡಿಸುವ ಎಷ್ಟೋ ಜನರಿಗೆ 4ಎಲ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲೋ ರೇಂಜ್ ಅನ್ನುವುದು ಕೊನೇ ಗಳಿಗೆಯ ಅಸ್ತ್ರ. ಚಕ್ರ ಕೆಸರಿನಲ್ಲಿ ಗಿರಗಿರ ತಿರುಗಿ ಗುಂಡಿ ತೋಡಿಕೊಂಡು, ಗಾಡಿಯ ಹೊಟ್ಟೆ ನೆಲಕ್ಕೆ ತಾಗಿದ ಮೇಲೆ ಆ ನಾಬ್ ನೆನಪಾಗುತ್ತದೆ. ಆ ಹೊತ್ತಿಗೆ ಅದರಿಂದ ಆಗುವ ಉಪಯೋಗ ತುಂಬಾ ಕಡಿಮೆ. ಇನ್ನು ಕೆಲವರು ಗಾಡಿ ಕೊಂಡ ದಿನದಿಂದ ಮಾರುವ ದಿನದವರೆಗೆ ಅದನ್ನು ಮುಟ್ಟುವುದೇ ಇಲ್ಲ. ದುಡ್ಡು ಕೊಟ್ಟು ತಂದ ಒಳ್ಳೆಯ ಸಾಧನ ಹೀಗೆ ಸುಮ್ನೆ ಕೂತಿರುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಇದರ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಲೋ ರೇಂಜ್ ಹಾಕಿದರೆ ಹಿಡಿತ ಜಾಸ್ತಿ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಿಗುವುದಿಲ್ಲ. 4ಎಚ್‌ನಲ್ಲಿ, ಅಂದರೆ ಫೋರ್ ವೀಲ್ ಡ್ರೈವ್‌ನ ಸಾಮಾನ್ಯ ಹೈ ರೇಂಜ್‌ನಲ್ಲಿ, ಯಾವ ನಾಲ್ಕು ಚಕ್ರಗಳಿಗೆ ಬಲ ಹೋಗುತ್ತದೋ 4ಎಲ್‌ನಲ್ಲೂ ಅದೇ ನಾಲ್ಕಕ್ಕೆ ಹೋಗುತ್ತದೆ. ಟಯರ್ ಅದೇ, ನೆಲವೂ ಅದೇ. ಬದಲಾಗುವುದು ವೇಗ. ಎಂಜಿನ್ ಆರಾಮಾಗಿ ತಿರುಗುತ್ತಿರುವಾಗಲೇ ಗಾಡಿ ಮನುಷ್ಯ ನಡೆಯುವಷ್ಟು ನಿಧಾನಕ್ಕೆ ಸಾಗುತ್ತದೆ. ಕ್ಲಚ್ಚನ್ನು ಅರ್ಧ ಒತ್ತಿಕೊಂಡು ಒದ್ದಾಡಬೇಕಾಗಿಲ್ಲ. ಚಕ್ರ ಎಲ್ಲಿ ಇಡಬೇಕು ಎಂದು ನೋಡಿಕೊಂಡು ಇಡಲು ಸಮಯ ಸಿಗುತ್ತದೆ. ಹಾಗಾಗಿ ಲೋ ರೇಂಜ್ ಹಾಕಬೇಕಾದದ್ದು ಕಷ್ಟದ ಜಾಗಕ್ಕೆ ಕಾಲಿಡುವ ಮೊದಲು.

ಒಳಗೆ ನಡೆಯುವುದೇನು

ಗೇರ್‌ಬಾಕ್ಸ್‌ನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಗೇರ್‌ಬಾಕ್ಸ್‌ನಿಂದ ಬಂದ ತಿರುಗುಬಲವನ್ನು ಮುಂದಿನ ಮತ್ತು ಹಿಂದಿನ ಪ್ರೊಪೆಲರ್ ಶಾಫ್ಟ್‌ಗಳಿಗೆ ಹಂಚುವುದು ಅದರ ಒಂದು ಕೆಲಸ. ಹಂಚುವ ಮೊದಲು, ಬೇಕೆಂದಾಗ, ಇನ್ನೂ ಒಂದು ಸುತ್ತು ಗೇರ್ ಇಳಿಸುವುದು ಎರಡನೇ ಕೆಲಸ. ಅದೇ ಲೋ ರೇಂಜ್.

ಇಂದಿನ ಅನೇಕ ಪಿಕಪ್‌ಗಳಲ್ಲಿ ಈ ಇಳಿಕೆಗೆ ಪ್ಲಾನೆಟರಿ ಗೇರ್ ಬಳಸುತ್ತಾರೆ. ನಡುವೆ ಒಂದು ಗೇರ್, ಅದರ ಸುತ್ತ ಮೂರೋ ನಾಲ್ಕೋ ಪುಟ್ಟ ಗೇರ್‌ಗಳು, ಅವನ್ನೆಲ್ಲ ಸುತ್ತುವರಿದು ಒಳಮೈಗೆ ಹಲ್ಲುಗಳಿರುವ ಒಂದು ಉಂಗುರ. ಉಂಗುರ ಪೆಟ್ಟಿಗೆಗೆ ಬಿಗಿಯಾಗಿ ಕೂತಿರುತ್ತದೆ, ತಿರುಗುವುದಿಲ್ಲ. ಎಂಜಿನ್ ಕಡೆಯ ಶಾಫ್ಟ್ ನಡುವಿನ ಗೇರನ್ನು ತಿರುಗಿಸುತ್ತದೆ. ಪುಟ್ಟ ಗೇರ್‌ಗಳು ಉಂಗುರದ ಒಳಮೈ ಮೇಲೆ ಉರುಳುತ್ತಾ ಸುತ್ತು ಹಾಕುತ್ತವೆ. ಅವನ್ನು ಹಿಡಿದಿರುವ ಚೌಕಟ್ಟು ನಿಧಾನವಾಗಿ, ಆದರೆ ಜಾಸ್ತಿ ಬಲದಿಂದ ತಿರುಗುತ್ತದೆ. ಉಂಗುರದ ಹಲ್ಲುಗಳು ನಡುವಿನ ಗೇರಿನ ಹಲ್ಲುಗಳ ಒಂದೂವರೆ ಪಟ್ಟು ಇದ್ದರೆ ಇಳಿಕೆ 2.5 ಆಗುತ್ತದೆ. ಅಂದರೆ ಒಳಗೆ ಎರಡೂವರೆ ಸುತ್ತು, ಹೊರಗೆ ಒಂದು ಸುತ್ತು. ಹೈ ರೇಂಜ್‌ನಲ್ಲಿ ಇದೆಲ್ಲ ಕೆಲಸಕ್ಕೇ ಬರುವುದಿಲ್ಲ; ಒಂದು ಸ್ಲೀವ್ ಜಾರಿ ಒಳಬರುವ ಶಾಫ್ಟನ್ನು ಹೊರಹೋಗುವ ಶಾಫ್ಟಿಗೆ ನೇರವಾಗಿ ಜೋಡಿಸಿಬಿಡುತ್ತದೆ.

ಟೊಯೋಟಾ ಹೈಲಕ್ಸ್‌ನಲ್ಲಿ ಈ ಇಳಿಕೆ 2.566. ಫೋರ್ಡ್ ಎಫ್-150ಯಲ್ಲಿ 2.64. ಜೀಪ್ ಗ್ಲಾಡಿಯೇಟರ್ ಪಿಕಪ್‌ನ ರೂಬಿಕಾನ್ ಮಾದರಿಯಲ್ಲಿ 4, ಅದು ಬಂಡೆಗಳ ಮೇಲೆ ತೆವಳಲೆಂದೇ ಮಾಡಿದ್ದು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ 1.97 ಇತ್ತು. ಆ ಹಳೆಯ ಜೀಪಿನಲ್ಲಿ ಗಮನಿಸಬೇಕಾದ ಒಂದು ಏರ್ಪಾಡು ಇದೆ. ಮುಂದಿನ ಆಕ್ಸಲ್ ಜೋಡಿಸದೆ ಲೋ ರೇಂಜ್‌ಗೆ ಹೋಗಲು ಅದರ ಲಿವರ್‌ಗಳು ಬಿಡುತ್ತಿರಲಿಲ್ಲ. ಲೋ ರೇಂಜ್‌ನ ಅಷ್ಟೂ ಬಲ ಹಿಂದಿನ ಆಕ್ಸಲ್ ಒಂದರ ಮೇಲೇ ಬೀಳಬಾರದು ಎಂಬುದು ಅದರ ಉದ್ದೇಶ. ಇವತ್ತಿನ ಪಿಕಪ್‌ಗಳ ನಾಬ್‌ನಲ್ಲೂ ಸಾಮಾನ್ಯವಾಗಿ 2ಎಚ್ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ, ಹೈ ರೇಂಜ್), 4ಎಚ್, 4ಎಲ್ ಇರುತ್ತವೆ, 2ಎಲ್ ಇರುವುದಿಲ್ಲ. ಮುಂದಿನ ಚಕ್ರಗಳ ಹಬ್ ಅನ್ನು ಕೈಯಿಂದ ಲಾಕ್ ಮಾಡಬೇಕಾದ ಹಳೇ ಗಾಡಿ ನಿಮ್ಮದಾದರೆ ಇದು ಇನ್ನೂ ಮುಖ್ಯ. ಹಬ್ ಲಾಕ್ ಮಾಡದೆ 4ಎಲ್ ಹಾಕಿದರೆ ಮುಂದಿನ ಚಕ್ರಗಳಿಗೆ ಏನೂ ಹೋಗುವುದಿಲ್ಲ, ಹಿಂದಿನ ಆಕ್ಸಲ್ ಒಂದೇ ಎಲ್ಲ ಹೊರೆ ಹೊರಬೇಕಾಗುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ

ಲೆಕ್ಕ ಸುಲಭವಾಗಲೆಂದು ದುಂಡು ಸಂಖ್ಯೆ ತೆಗೆದುಕೊಳ್ಳೋಣ. ಮೊದಲ ಗೇರ್ 4, ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಕೂತು ಎರಡೂ ಬದಿಯ ಚಕ್ರಗಳಿಗೆ ಬಲ ಹಂಚುವ ಗೇರ್‌ಗಳು) 4, ಲೋ ರೇಂಜ್ 2.5. ಹೈ ರೇಂಜ್‌ನ ಮೊದಲ ಗೇರಿನಲ್ಲಿ ಒಟ್ಟು ಇಳಿಕೆ 16. ಲೋ ರೇಂಜ್‌ನಲ್ಲಿ 40. ಪಿಕಪ್ ಟಯರ್ ಒಂದು ಸುತ್ತಿಗೆ ಹೆಚ್ಚುಕಡಿಮೆ 2.4 ಮೀಟರ್ ಉರುಳುತ್ತದೆ. ಎಂಜಿನ್ 1000 ಆರ್‌ಪಿಎಂನಲ್ಲಿದ್ದರೆ ಹೈ ರೇಂಜ್‌ನಲ್ಲಿ ಗಾಡಿಯ ವೇಗ ಗಂಟೆಗೆ 9 ಕಿ.ಮೀ. ಲೋ ರೇಂಜ್‌ನಲ್ಲಿ 3.6 ಕಿ.ಮೀ.

ಒಂಬತ್ತು ಅಂದರೆ ಓಟ, ಮೂರೂವರೆ ಅಂದರೆ ನಡಿಗೆ. ಉರುಳುಗಲ್ಲಿನ ದಾರಿಯಲ್ಲಿ ಒಂಬತ್ತು ಕಿಲೋಮೀಟರ್ ವೇಗ ಅಂದರೆ ಅತಿಯಾಯಿತು, ಕ್ಲಚ್ ಒತ್ತಲೇಬೇಕಾಗುತ್ತದೆ.

ಈಗ ಬಲದ ಲೆಕ್ಕ. ಎಂಜಿನ್ನಿನ ಗರಿಷ್ಠ ಟಾರ್ಕ್, ಅಂದರೆ ತಿರುಗುಬಲ, 400 ನ್ಯೂಟನ್ ಮೀಟರ್ ಇರಲಿ. ಹೈ ರೇಂಜ್‌ನಲ್ಲಿ ಚಕ್ರಗಳಿಗೆ ಒಟ್ಟು 6,400 ಸಿಗುತ್ತದೆ. ಚಕ್ರದ ಅರ್ಧವ್ಯಾಸ ಸುಮಾರು 0.39 ಮೀಟರ್, ಹಾಗಾಗಿ ನೆಲವನ್ನು ಹಿಂದಕ್ಕೆ ತಳ್ಳುವ ಬಲ 16,000 ನ್ಯೂಟನ್ನಿಗೆ ಸ್ವಲ್ಪ ಜಾಸ್ತಿ. ಎರಡು ಟನ್ ಗಾಡಿಯ ಭಾರ 20,000 ನ್ಯೂಟನ್ ಆಸುಪಾಸು. ಜಾರುವ ಕೆಸರು ಅದರಲ್ಲಿ ಹತ್ತರಲ್ಲಿ ಮೂರು ಪಾಲು ಹಿಡಿತ ಕೊಟ್ಟರೆ 6,000 ನ್ಯೂಟನ್ ಆಯಿತು. ಅದಕ್ಕಿಂತ ಜಾಸ್ತಿ ತಳ್ಳಿದರೆ ಚಕ್ರ ಜಾರುತ್ತದೆ ಅಷ್ಟೆ. ಅಂದರೆ ಕೆಸರಿಗೆ ಬೇಕಾದ ಬಲ ಹೈ ರೇಂಜ್‌ನಲ್ಲೇ ಬೇಕಾದಷ್ಟಿದೆ! ಹೂತ ಗಾಡಿಗೆ 4ಎಲ್ ಹಾಕಿ ಆಕ್ಸಿಲರೇಟರ್ ತುಳಿದರೆ ಗುಂಡಿ ಇನ್ನಷ್ಟು ಆಳವಾಗುವುದು ಇದಕ್ಕೇ.

ಹಾಗಾದರೆ ಕಡಿದಾದ ಏರಿನಲ್ಲಿ? 30 ಡಿಗ್ರಿ ಏರು ಹತ್ತಲು ಭಾರದ ಅರ್ಧದಷ್ಟು, ಅಂದರೆ 10,000 ನ್ಯೂಟನ್ ಬೇಕು. ಹೈ ರೇಂಜ್‌ನಲ್ಲಿ 16,000 ಇದೆಯಲ್ಲ, ಸಾಕಲ್ವಾ ಅನ್ನಿಸಬಹುದು. ಆದರೆ ಆ 400 ಟಾರ್ಕ್ ಸಿಗುವುದು 1,600 ಆರ್‌ಪಿಎಂ ಆಸುಪಾಸಿನಲ್ಲಿ ಎಂದಿಟ್ಟುಕೊಂಡರೆ, ಆಗ ಗಾಡಿಯ ವೇಗ ಗಂಟೆಗೆ 14 ಕಿ.ಮೀ. ದಾಟಿರುತ್ತದೆ. ಕಲ್ಲು, ಕೊರಕಲುಗಳ ಏರನ್ನು ಆ ವೇಗದಲ್ಲಿ ಹತ್ತಿದರೆ ಗಾಡಿ ಕುಣಿಯುತ್ತದೆ, ಚಕ್ರ ಗಾಳಿಗೆ ಏಳುತ್ತದೆ, ಹಿಡಿತ ತಪ್ಪುತ್ತದೆ. ನಿಧಾನಕ್ಕೆ ಹೋಗೋಣವೆಂದರೆ ಐಡ್ಲಿಂಗ್ ಹತ್ತಿರ ಟಾರ್ಕ್ ತುಂಬಾ ಕಡಿಮೆ. ಅದು 150 ಇದ್ದರೆ ಹೈ ರೇಂಜ್‌ನಲ್ಲಿ ಬರುವುದು 6,000 ನ್ಯೂಟನ್ ಚಿಲ್ಲರೆ. ಸಾಲದು. ಎಂಜಿನ್ ಬಂದ್ ಆಗುತ್ತದೆ, ಇಲ್ಲವೇ ಕ್ಲಚ್ ಸುಡುತ್ತದೆ. ಅದೇ 150 ಟಾರ್ಕ್ ಲೋ ರೇಂಜ್‌ನಲ್ಲಿ 15,000 ನ್ಯೂಟನ್ ದಾಟುತ್ತದೆ. ಗಾಡಿ ಆಕ್ಸಿಲರೇಟರ್ ಹೆಚ್ಚು ಕೇಳದೆ, ನಡಿಗೆಯ ವೇಗದಲ್ಲಿ, ಅಲುಗಾಡದೆ ಏರುತ್ತದೆ. ನನ್ನ ಮಟ್ಟಿಗೆ ಲೋ ರೇಂಜ್‌ನ ಗುಟ್ಟು ಇದೇ. ಗರಿಷ್ಠ ಬಲ ಎಷ್ಟು ಅನ್ನುವುದಕ್ಕಿಂತ, ಕಡಿಮೆ ವೇಗದಲ್ಲಿ ಎಷ್ಟು ಬಲ ಸಿಗುತ್ತದೆ ಅನ್ನುವುದು ಮುಖ್ಯ.

ಆಟೋಮ್ಯಾಟಿಕ್ ಗಾಡಿಯವರು ಇದು ನಮಗೆ ಬೇಡ, ಟಾರ್ಕ್ ಕನ್ವರ್ಟರ್ ನೋಡಿಕೊಳ್ಳುತ್ತದೆ ಎನ್ನುವುದುಂಟು. ಸ್ವಲ್ಪ ಮಟ್ಟಿಗೆ ನಿಜ. ಆದರೆ ಕನ್ವರ್ಟರ್ ಆ ಕೆಲಸ ಮಾಡುವುದು ಒಳಗೆ ಎಣ್ಣೆಯನ್ನು ಕಡೆದು. ನಿಧಾನದ ಏರಿನಲ್ಲಿ, ಅದೂ ಹೊರೆ ಇದ್ದಾಗ, ಆ ಎಣ್ಣೆ ಬೇಗ ಕಾಯುತ್ತದೆ. ಲೋ ರೇಂಜ್ ಹಾಕಿದರೆ ಅದೇ ವೇಗಕ್ಕೆ ಗೇರ್‌ಬಾಕ್ಸ್ ಜಾಸ್ತಿ ಸುತ್ತು ತಿರುಗುತ್ತದೆ, ಜಾರಿಕೆ ಕಡಿಮೆ, ಬಿಸಿಯೂ ಕಡಿಮೆ.

ಹಾಕುವ ಕ್ರಮ

2ಎಚ್‌ನಿಂದ 4ಎಚ್‌ಗೆ ಓಡುತ್ತಲೇ ಹೋಗಬಹುದಾದ ಗಾಡಿಗಳು ಬಹಳ. 4ಎಲ್ ವಿಷಯ ಹಾಗಲ್ಲ. ಗಾಡಿ ಪೂರ್ತಿ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು, ಗೇರನ್ನು ನ್ಯೂಟ್ರಲ್‌ಗೆ ತಂದು, ಮ್ಯಾನುವಲ್ ಆದರೆ ಕ್ಲಚ್ಚನ್ನೂ ಒತ್ತಿ, ಆಮೇಲೆ ನಾಬ್ ತಿರುಗಿಸಿ ಅಥವಾ ಲಿವರ್ ಎಳೆಯಿರಿ. ಕೆಲವು ಗಾಡಿಗಳಲ್ಲಿ ಗಂಟೆಗೆ ಮೂರ್ನಾಲ್ಕು ಕಿಲೋಮೀಟರಿನಲ್ಲಿ ಉರುಳುತ್ತಿರುವಾಗ ಸಲೀಸಾಗಿ ಬೀಳುತ್ತದೆ. ನಿಮ್ಮ ಗಾಡಿಗೆ ಯಾವುದು ಸರಿ ಎಂದು ಓನರ್ಸ್ ಮ್ಯಾನುವಲ್ ಹೇಳುತ್ತದೆ, ಅದನ್ನೇ ನಂಬಿ. 4ಎಲ್ ದೀಪ ಮಿನುಗುತ್ತಾ ಇದ್ದರೆ ಒಳಗೆ ಹಲ್ಲಿಗೆ ಹಲ್ಲು ಕೂತಿಲ್ಲ ಎಂದರ್ಥ. ಗಾಡಿಯನ್ನು ಒಂದು ಗೇಣು ಮುಂದೆ ಅಥವಾ ಹಿಂದೆ ಬಿಟ್ಟು ಮತ್ತೆ ಪ್ರಯತ್ನಿಸಿ. ಲಿವರ್ ಮೇಲೆ ಜೋರು ಮಾಡಬೇಡಿ. ಕರಕರ ಸದ್ದು ಬಂದರೆ ಗಾಡಿ ಇನ್ನೂ ವೇಗದಲ್ಲಿದೆ.

ಒಂದು ಅಪಾಯ ಇಲ್ಲಿದೆ, ದಯವಿಟ್ಟು ನೆನಪಿಡಿ. ಹೈ ಮತ್ತು ಲೋ ನಡುವೆ ಟ್ರಾನ್ಸ್‌ಫರ್ ಕೇಸ್ ಒಂದು ಕ್ಷಣ ನ್ಯೂಟ್ರಲ್‌ನಲ್ಲಿ ಇರುತ್ತದೆ. ಆಗ ಗೇರ್‌ಬಾಕ್ಸ್‌ಗೂ ಚಕ್ರಗಳಿಗೂ ಸಂಬಂಧವೇ ಇಲ್ಲ. ಆಟೋಮ್ಯಾಟಿಕ್ ಗಾಡಿ ಪಾರ್ಕ್‌ನಲ್ಲಿದ್ದರೂ, ಮ್ಯಾನುವಲ್ ಗಾಡಿ ಮೊದಲ ಗೇರಿನಲ್ಲಿದ್ದರೂ ಉರುಳಿಬಿಡಬಹುದು. ಇಳಿಜಾರಿನಲ್ಲಿ ನಿಂತು ರೇಂಜ್ ಬದಲಿಸುವಾಗ ಬ್ರೇಕ್ ಮೇಲಿನ ಕಾಲು ತೆಗೆಯಬಾರದು, ಹ್ಯಾಂಡ್ ಬ್ರೇಕೂ ಹಾಕಿರಬೇಕು. ಸಮತಟ್ಟು ಜಾಗದಲ್ಲೇ ಬದಲಿಸಿಕೊಂಡು ಬಂದರೆ ಈ ತಲೆನೋವೇ ಇಲ್ಲ.

4ಎಲ್ ಬಿದ್ದ ಮೇಲೆ ಗಾಡಿಯ ಸ್ವಭಾವ ಬೇರೆಯಾಗುತ್ತದೆ. ಹಲವು ಪಿಕಪ್‌ಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ತಾನಾಗಿಯೇ ಆಫ್ ಆಗುತ್ತದೆ. ಹಿಂದಿನ ಎರಡೂ ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಬಟನ್ ಅನೇಕ ಗಾಡಿಗಳಲ್ಲಿ 4ಎಲ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮೊದಲ ಗೇರ್ ಎಷ್ಟು ಗಿಡ್ಡ ಅಂದರೆ ಸಾಮಾನ್ಯ ಜಾಗದಲ್ಲಿ ಎರಡನೇ ಗೇರಿನಲ್ಲೇ ಹೊರಡಬಹುದು. ಗಂಟೆಗೆ 40 ಕಿಲೋಮೀಟರ್ ದಾಟಿಸುವ ಆಲೋಚನೆ ಬೇಡ. ಎಂಜಿನ್ ಚೀರಿಕೊಳ್ಳುತ್ತದೆ, ಲಾಭವೂ ಇಲ್ಲ.

ಇಳಿಯುವುದು, ಏರುವುದು

ಲೋ ರೇಂಜ್‌ನ ಬೆಲೆ ನಿಜವಾಗಿ ಗೊತ್ತಾಗುವುದು ಇಳಿಜಾರಿನಲ್ಲಿ. ಜಾರುವ ದಾರಿಯಲ್ಲಿ ಇಳಿಯುವಾಗ ನಾವು ಸಣ್ಣ ಸಣ್ಣ ಹೆಜ್ಜೆ ಇಡುತ್ತೇವಲ್ಲ, ಗಾಡಿಗೂ ಅದೇ ಬೇಕು. ಲೋ ರೇಂಜ್ ಮೊದಲ ಗೇರ್ ಹಾಕಿ, ಕ್ಲಚ್ಚಿನಿಂದ ಪೂರ್ತಿ ಕಾಲು ತೆಗೆದು, ಆಕ್ಸಿಲರೇಟರ್ ಬಿಟ್ಟುಬಿಡಿ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ.

ಬ್ರೇಕಿಗಿಂತ ಇದು ಯಾಕೆ ಒಳ್ಳೆಯದು? ಸಡಿಲ ನೆಲದಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ತಿರುಗುವುದು ನಿಂತು ಜಾರತೊಡಗುತ್ತದೆ. ಜಾರುವ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಖಾಲಿ ಪಿಕಪ್‌ನ ಹಿಂಭಾಗ ಮೊದಲೇ ಹಗುರ, ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಹೋಗಿ ಇನ್ನೂ ಹಗುರವಾಗುತ್ತದೆ. ಹಾಗಾಗಿ ಹಿಂಭಾಗ ಪಕ್ಕಕ್ಕೆ ಸರಿಯುವ ಭಯ ಇದ್ದೇ ಇರುತ್ತದೆ. ಎಂಜಿನ್ ಹಿಡಿತದಲ್ಲಿ ಚಕ್ರಗಳು ತಿರುಗುತ್ತಲೇ ಇರುತ್ತವೆ. ಹಿಂದಿನ ಮತ್ತು ಮುಂದಿನ ಆಕ್ಸಲ್ ಒಂದಕ್ಕೊಂದು ಜೋಡಿಯಾಗಿರುವುದರಿಂದ ಒಂದು ಜೋಡಿ ಹಗುರಾದರೂ ಇನ್ನೊಂದು ಜೋಡಿ ಭಾರ ಹೊರುತ್ತದೆ. ಆದರೂ ಗಾಡಿ ಜಾರತೊಡಗಿದರೆ ಬ್ರೇಕ್ ಬೇಡ, ಮೆಲ್ಲಗೆ ಆಕ್ಸಿಲರೇಟರ್ ಕೊಡಿ. ಕೇಳಲು ವಿಚಿತ್ರ ಅನ್ನಿಸಬಹುದು. ಚಕ್ರದ ವೇಗ ಗಾಡಿಯ ವೇಗಕ್ಕೆ ಸಮನಾದ ಕೂಡಲೇ ಹಿಡಿತ ಮರಳುತ್ತದೆ, ಸ್ಟೀರಿಂಗ್ ಕೆಲಸ ಮಾಡುತ್ತದೆ. ಇಳಿಜಾರಿನ ನಡುವೆ ಕ್ಲಚ್ ಮಾತ್ರ ಒತ್ತಲೇಬೇಡಿ, ಗೇರೂ ಬದಲಿಸಬೇಡಿ. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಹಿಡಿತ ಸ್ವಲ್ಪ ಕಡಿಮೆ. ಮೊದಲ ಗೇರನ್ನು ಕೈಯಾರೆ ಹಾಕಿಡಿ, ಬೇಕಿದ್ದಾಗ ಬ್ರೇಕನ್ನು ಮೃದುವಾಗಿ ಸೇರಿಸಿ.

ಏರುವಾಗ ಲೋ ರೇಂಜ್ ಎರಡನೇ ಗೇರ್ ಸಾಮಾನ್ಯವಾಗಿ ಸರಿ, ತುಂಬಾ ಕಡಿದು ಅಥವಾ ಕಲ್ಲು ಜಾಸ್ತಿ ಇದ್ದರೆ ಮೊದಲನೆಯದು. ಗೇರ್ ಯಾವುದೆಂದು ಬುಡದಲ್ಲೇ ತೀರ್ಮಾನವಾಗಬೇಕು. ಏರು ಮುಗಿಯದೆ ಗಾಡಿ ನಡುವೆ ನಿಂತುಹೋದರೆ ಗಾಬರಿಯಾಗಿ ತಿರುಗಿಸಲು ಹೋಗುವುದು ದೊಡ್ಡ ಅಪಾಯ. ಏರಿಗೆ ಅಡ್ಡವಾದ ಗಾಡಿ ಪಲ್ಟಿಯಾಗುತ್ತದೆ. ಬ್ರೇಕ್ ಒತ್ತಿ ಹಿಡಿಯಿರಿ, ಹ್ಯಾಂಡ್ ಬ್ರೇಕ್ ಹಾಕಿ, ಲೋ ರೇಂಜ್ ರಿವರ್ಸ್ ಹಾಕಿ, ಮುಂದಿನ ಚಕ್ರಗಳು ನೇರ ಇವೆಯೇ ನೋಡಿಕೊಳ್ಳಿ. ಆಮೇಲೆ ಕ್ಲಚ್ ಪೂರ್ತಿ ಬಿಟ್ಟು, ಬ್ರೇಕ್ ಸಡಿಲಿಸಿ, ಎಂಜಿನ್ ಹಿಡಿತದಲ್ಲೇ ಬಂದ ದಾರಿಯಲ್ಲಿ ನೇರ ಹಿಂದಕ್ಕೆ ಇಳಿಯಿರಿ. ಲೋ ರಿವರ್ಸ್ ಎಷ್ಟು ನಿಧಾನ ಎಂದರೆ ಕನ್ನಡಿ ನೋಡಿಕೊಂಡು ಬರಲು ಬೇಕಾದಷ್ಟು ಸಮಯ ಇರುತ್ತದೆ. ಇದನ್ನು ಒಂದು ಸಣ್ಣ ದಿಬ್ಬದ ಮೇಲೆ ಅಭ್ಯಾಸ ಮಾಡಿಕೊಳ್ಳಿ. ನಿಜವಾದ ಏರಿನಲ್ಲಿ ಕೈಕಾಲು ತಾನಾಗಿಯೇ ಕೆಲಸ ಮಾಡುವಷ್ಟು ರೂಢಿಯಾಗಲಿ.

ಕಲ್ಲು, ನೀರು, ಮರಳು

ಕಲ್ಲಿನ ದಾರಿಗೆ ಲೋ ಮೊದಲ ಗೇರ್, ಎರಡು ಮಾತಿಲ್ಲ. ಕಲ್ಲು ಚಕ್ರಗಳ ನಡುವೆ ಬರುವಂತೆ ಹೋಗುವುದಕ್ಕಿಂತ, ಚಕ್ರವನ್ನು ಕಲ್ಲಿನ ಮೇಲೇ ಹತ್ತಿಸುವುದು ಮೇಲು. ಡಿಫರೆನ್ಷಿಯಲ್ ಮತ್ತು ಹೊಟ್ಟೆಭಾಗ ಎತ್ತರದಲ್ಲಿ ಉಳಿಯುತ್ತದೆ. ಪಿಕಪ್‌ನ ವೀಲ್‌ಬೇಸ್ ಉದ್ದ, ಹೈಲಕ್ಸ್‌ನ ಡಬಲ್ ಕ್ಯಾಬ್‌ನಲ್ಲಿ 3 ಮೀಟರಿಗಿಂತ ಜಾಸ್ತಿ. ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗುವುದು ಇದಕ್ಕೇ. ಇಳಿದ ಮೇಲೆ ಹಿಂದಿನ ಬಂಪರ್ ಉಜ್ಜುವುದು ಹಿಂದಿನ ಚಕ್ರದಿಂದಾಚೆ ಚಾಚಿದ ಭಾಗ ಉದ್ದವಿರುವುದಕ್ಕೆ.

ಕಲ್ಲಿನಲ್ಲಿ ಇನ್ನೊಂದು ಎಚ್ಚರ ಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಚಕ್ರ ಕಲ್ಲಿಗೆ ಸಿಕ್ಕಿಕೊಂಡಿರುವಾಗ ಆಕ್ಸಿಲರೇಟರ್ ತುಳಿಯಬೇಡಿ. ತಿರುಗಿದ ಚಕ್ರಕ್ಕೂ ಬಲ ತಲುಪಿಸುವ ಕೀಲುಗಳಾದ ಸಿವಿ ಜಾಯಿಂಟ್‌ಗಳು ಆ ಕೋನದಲ್ಲಿ ತುಂಬಾ ದುರ್ಬಲ, ಲೋ ರೇಂಜ್‌ನ ಟಾರ್ಕ್ ಅವನ್ನು ಮುರಿಯಬಲ್ಲದು. ಹಾಗೆಯೇ ಎದುರುಬದುರು ಮೂಲೆಯ ಎರಡು ಚಕ್ರಗಳು ಗಾಳಿಯಲ್ಲಿ ತಿರುಗುತ್ತಾ ಗಾಡಿ ನಿಂತಿದ್ದರೆ ಲೋ ರೇಂಜ್ ಒಂದರಿಂದ ಏನೂ ಆಗದು. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮ ಟಾರ್ಕ್ ಕೊಡುತ್ತದೆ. ಒಂದು ಕಡೆ ಗಾಳಿಯಲ್ಲಿದ್ದರೆ ಅಲ್ಲಿ ಟಾರ್ಕ್ ಬಹುತೇಕ ಸೊನ್ನೆ, ಆದ್ದರಿಂದ ಇನ್ನೊಂದು ಕಡೆಯೂ ಸೊನ್ನೆ. ಅಲ್ಲಿ ಬೇಕಾಗುವುದು ಡಿಫ್ ಲಾಕ್, ಇಲ್ಲವೇ ತಿರುಗುವ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ಟ್ರ್ಯಾಕ್ಷನ್ ಕಂಟ್ರೋಲ್.

ನೀರು ದಾಟಲು ಲೋ ಎರಡನೇ ಗೇರ್. ಮುಂದೆ ಒಂದು ಸಣ್ಣ ಅಲೆ ಎದ್ದು ಅದರ ಹಿಂದೆಯೇ ಗಾಡಿ ಸಾಗುವಷ್ಟು ವೇಗ ಸಾಕು. ನಡುವೆ ಗೇರ್ ಬದಲಿಸುವುದು, ಕ್ಲಚ್ ಒತ್ತುವುದು ಬೇಡ. ಕ್ಲಚ್ ಪ್ಲೇಟ್‌ಗೆ ನೀರು ಸೇರಿ ಜಾರಬಹುದು. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲ್‌ಗಳ ಮೂಲಕ ನೀರು ಎಳೆದುಕೊಳ್ಳುತ್ತದೆ. ಹಾಗಾಗಿ ದಡದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಆರಲು ಬಿಡುವುದು ಒಳ್ಳೆಯದು. ಹರಿವು ಜೋರಾಗಿದ್ದರೆ ಇಳಿಯಲೇಬೇಡಿ, ಯಾವ ಗೇರೂ ಅಲ್ಲಿ ಕಾಪಾಡುವುದಿಲ್ಲ.

ಮರಳಿನಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಅಲ್ಲಿ ನಿಧಾನವಾದರೆ ಹೂತುಹೋಗುತ್ತೀರಿ, ಓಟ ಬೇಕು. ಸಮತಟ್ಟಾದ ಮರಳಿಗೆ 4ಎಚ್ ಸಾಕು. ಗಾಡಿಗೆ ಉಸಿರು ಕಟ್ಟಿದಂತಾದರೆ, ಮರಳು ತುಂಬಾ ಸಡಿಲವಿದ್ದರೆ, ಲೋ ರೇಂಜ್‌ನ ಎರಡು ಅಥವಾ ಮೂರನೇ ಗೇರ್ ನೋಡಿ. ಇವೆಲ್ಲಕ್ಕಿಂತ ಮೊದಲು ಟಯರಿನ ಗಾಳಿ ಇಳಿಸಿ, 18 ಪಿಎಸ್ಐ ಆಸುಪಾಸಿಗೆ. ಮರಳಿನಲ್ಲಿ ಗೇರಿಗಿಂತ ಅದರಿಂದಲೇ ಜಾಸ್ತಿ ಪ್ರಯೋಜನ. ಗಟ್ಟಿ ನೆಲಕ್ಕೆ ಮರಳಿದ ಕೂಡಲೇ ಮತ್ತೆ ಗಾಳಿ ತುಂಬಿಸಬೇಕು. ಆಳ ಕೆಸರಿನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಲೋ ಎರಡು ಅಥವಾ ಮೂರು, ಒಂದೇ ಹದದ ವೇಗ, ನಡುವೆ ನಿಲ್ಲುವಂತಿಲ್ಲ.

ಭಾರದ ಟ್ರೈಲರನ್ನು ಒದ್ದೆ ಇಳಿಜಾರಿನಿಂದ ಮೇಲಕ್ಕೆ ಎಳೆಯುವಾಗ, ಉದಾಹರಣೆಗೆ ನೀರಿನಿಂದ ದೋಣಿ ತೆಗೆಯುವಾಗ, ಲೋ ರೇಂಜ್ ಹಾಕಿದರೆ ಕ್ಲಚ್ ಬದುಕಿಕೊಳ್ಳುತ್ತದೆ. ಕಾಡುಮೇಡು ಕಾಣದ ಗಾಡಿಗೂ ಉಪಯೋಗಕ್ಕೆ ಬರುವ ಜಾಗ ಇದು.

ಒಣ ಡಾಂಬರಿನಲ್ಲಿ ಬೇಡ

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೋಗುತ್ತವೆ. 4ಎಲ್‌ನಲ್ಲಿ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಸಡಿಲ ನೆಲದಲ್ಲಿ ಟಯರ್ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರು ಅಥವಾ ಕಾಂಕ್ರೀಟಿನಲ್ಲಿ ಟಯರ್ ಜಾರುವುದಿಲ್ಲ, ಶಾಫ್ಟ್‌ಗಳೇ ತಿರುಚಿಕೊಳ್ಳುತ್ತವೆ. ಯಾರೋ ಬ್ರೇಕ್ ಹಿಡಿದಂತೆ ಗಾಡಿ ಭಾರವಾಗುತ್ತದೆ, ತಿರುವಿನಲ್ಲಿ ಟಯರ್ ಕುಪ್ಪಳಿಸುತ್ತದೆ. 4ಎಚ್‌ನಲ್ಲೂ ಇದೇ ತೊಂದರೆ ಇದೆ, ಆದರೆ ಲೋ ರೇಂಜ್‌ನಲ್ಲಿ ಎಂಜಿನ್ ಆ ಬಿಗಿತವನ್ನೂ ಮೀರಿ ತಳ್ಳುವುದರಿಂದ ಏನಾದರೂ ಮುರಿಯುವ ಸಾಧ್ಯತೆ ಜಾಸ್ತಿ. ಮಿತ್ಸುಬಿಷಿಯ ಸೂಪರ್ ಸೆಲೆಕ್ಟ್‌ನಂಥ ಏರ್ಪಾಡಿನಲ್ಲಿ ನಡುವೆ ಒಂದು ಡಿಫರೆನ್ಷಿಯಲ್ ಇರುವುದರಿಂದ 4ಎಚ್‌ನಲ್ಲಿ ಡಾಂಬರಿನ ಮೇಲೂ ಹೋಗಬಹುದು. ಲೋ ರೇಂಜ್‌ಗೆ ಹೋದಾಗ ಅಲ್ಲೂ ನಡುವಿನ ಡಿಫ್ ಲಾಕ್ ಆಗಿಯೇ ಇರುತ್ತದೆ.

ಇದೇ ಬಿಗಿತದಿಂದ ಕೆಲವೊಮ್ಮೆ 4ಎಲ್‌ನಿಂದ ಹೊರಬರಲು ಆಗುವುದಿಲ್ಲ. ನಾಬ್ ತಿರುಗಿಸಿದರೂ ದೀಪ ಆರುವುದಿಲ್ಲ. ಸ್ಟೀರಿಂಗ್ ನೇರ ಮಾಡಿ ನಾಲ್ಕೈದು ಮೀಟರ್ ಹಿಂದಕ್ಕೆ ಬನ್ನಿ. ತಿರುಚಿದ್ದು ಬಿಚ್ಚಿಕೊಂಡು, ಗಾಡಿ ನಿಲ್ಲಿಸಿ ನ್ಯೂಟ್ರಲ್‌ಗೆ ತಂದಾಗ ಟಕ್ಕೆಂದು ಹೈ ರೇಂಜ್‌ಗೆ ಬೀಳುತ್ತದೆ. ತಿಂಗಳಿಗೊಮ್ಮೆಯಾದರೂ ಮಣ್ಣು ದಾರಿಯಲ್ಲಿ ಫೋರ್ ವೀಲ್ ಡ್ರೈವ್ ಹಾಕಿ ಕೆಲವು ಕಿಲೋಮೀಟರ್ ಓಡಿಸಿ, ಅದರಲ್ಲಿ ಸ್ವಲ್ಪ ದೂರ 4ಎಲ್‌ನಲ್ಲೂ ಹೋಗಿ. ಒಳಗಿನ ಭಾಗಗಳಿಗೆ ಎಣ್ಣೆ ತಲುಪುತ್ತದೆ, ರೇಂಜ್ ಬದಲಿಸುವ ಮೋಟರ್ ಮತ್ತು ಫೋರ್ಕ್ ಹಿಡಿದುಕೊಳ್ಳುವುದಿಲ್ಲ. ಟ್ರಾನ್ಸ್‌ಫರ್ ಕೇಸ್‌ಗೆ ಅದರದೇ ಎಣ್ಣೆ ಇರುತ್ತದೆ. ಸರ್ವಿಸ್‌ಗೆ ಬಿಟ್ಟಾಗ ಎಂಜಿನ್ ಆಯಿಲ್ ಜೊತೆಗೆ ಅದನ್ನೂ ನೋಡಲು ಹೇಳಿ. ಆಳದ ನೀರು ದಾಟಿ ಬಂದಿದ್ದರೆ ಸರ್ವಿಸ್ ದಿನಕ್ಕೆ ಕಾಯದೆ ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆಯನ್ನೂ ಪರೀಕ್ಷಿಸಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಕೂಡಲೇ ಬದಲಿಸಬೇಕು.